ಇಪ್ಪತ್ತು ನಿಮಿಷದ ಅಮ್ರಾಪ್

ವ್ಯಾಟ್ಸನ್‌ವಿಲ್‌ನ ಆ ಜಿಮ್ಮನ್ನು ಅಲ್ಲಿಯವರು ಬಾಕ್ಸ್ ಎನ್ನುತ್ತಾರೆ. ಹಿಂದೆ ಸ್ಟ್ರಾಬೆರಿ ಪ್ಯಾಕ್ ಮಾಡುತ್ತಿದ್ದ ತಗಡಿನ ಶೆಡ್ಡು. ಪಿಯಾನೊಗಳಿಗೆ ಶ್ರುತಿ ಕೂಡಿಸುವ ವೆಂಡೆಲ್ ಪಚೆಕೊ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡಾಕ್ಟರ ಮಾತಿಗೆ ಹೆದರಿ ಅಲ್ಲಿಗೆ ಸೇರಿದ.

ಗೋಡೆಯ ಬೋರ್ಡಿನಲ್ಲಿ ಎರಡು ಪಟ್ಟಿಗಳಿದ್ದವು: 'ಸ್ಕೇಲ್ಡ್', 'ಆರ್‌ಎಕ್ಸ್'. ಆರ್‌ಎಕ್ಸ್ ಎಂದರೆ ಔಷಧಿ ಚೀಟಿಯ ಗುರುತು, ಕಾಯಿಲೆಯವರಿಗಿರಬೇಕು, ನನ್ನ ಮಂಡಿನೋವಿಗೆ ಇದೇ ಸರಿ ಎಂದುಕೊಂಡು ಅದರ ಕೆಳಗೆ ಹೆಸರು ಬರೆದ.

"ಬಂದ ದಿನವೇ ಆರ್‌ಎಕ್ಸಾ?" ಪಕ್ಕದಲ್ಲಿದ್ದವಳು ಹುಬ್ಬೇರಿಸಿದಳು. ಶಾಲಾ ಬಸ್ ಓಡಿಸುವ ಲೆತೀಸಿಯಾ.

"ಈ ವಯಸ್ಸಲ್ಲಿ ನಮಗೆ ಇನ್ನೇನಿದೇರಿ" ಎಂದ ವೆಂಡೆಲ್, ವಿನಯದಿಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿ ನಕ್ಕಳು. ಆ ನಗೆಗೆ ಅವನ ಕಿವಿ ಕೆಂಪಾಯಿತು. ಐದು ನಿಮಿಷದ ಮೇಲೆ ಇಪ್ಪತ್ತನಾಲ್ಕು ಕಿಲೋ ಕಬ್ಬಿಣದ ಗುಂಡು ಕೈಗೆ ಬಂದಾಗ ಮುಖವೂ ಕೆಂಪಾಯಿತು. ಆಗ ತಿಳಿಯಿತು: ಭಾರ ಹಗುರ ಮಾಡಿಕೊಂಡವರದು ಸ್ಕೇಲ್ಡ್. ಆರ್‌ಎಕ್ಸ್ ಎಂದರೆ ಬೋರ್ಡಿನಲ್ಲಿ ಬರೆದ ತೂಕವನ್ನೇ ಎತ್ತಬೇಕು. ಆದರೆ ಅವಳು ನೋಡುತ್ತಿದ್ದಳಲ್ಲ! ಗುಂಡನ್ನು ಇಳಿಸುವುದು ಹೇಗೆ?

ಆರು ವಾರ ಅವನು ಅರ್ಥವಾಗದ ಮಾತಿಗೆಲ್ಲ ತಲೆಯಾಡಿಸಿದ. ಒಂದು ದಿನ ಅವಳೇ ಬಂದು, "ಶನಿವಾರದ ಜೋಡಿ ಸ್ಪರ್ಧೆಗೆ ನನ್ ಜೊತೆ ಇರ್ತೀರಾ? ಎರಡು ವರ್ಷದಿಂದ ನನ್ ಹಳೇ ಗಂಡ ಎಫ್ರೇನ್ ಗೆಲ್ತಿದಾನೆ, ಹೊಸ ಹೆಂಡ್ತೀನ ಕಟ್ಕೊಂಡು. ಅಮ್ರಾಪ್ ಗೊತ್ತಲ್ಲ?" ಎಂದಳು.

"ಅದು ಗೊತ್ತಿಲ್ದೇ ಇರುತ್ತಾ!" ಎಂದ ವೆಂಡೆಲ್.

ಶನಿವಾರ ಬೋರ್ಡಿನಲ್ಲಿ 'ಅಮ್ರಾಪ್ 20' ಎಂದಿತ್ತು. ನೆಲಕ್ಕೆ ಬಿದ್ದು ಎದ್ದು ಜಿಗಿಯುವ ಬರ್ಪಿ ಹತ್ತು, ಗುಂಡೆತ್ತುವುದು ಹದಿನೈದು, ಶೆಡ್ಡಿಗೆ ಒಂದು ಸುತ್ತು ಓಟ. ಒಬ್ಬರ ಸುತ್ತು ಮುಗಿದ ಮೇಲೆ ಇನ್ನೊಬ್ಬರದು. ಇಪ್ಪತ್ತು ನಿಮಿಷದೊಳಗೆ ಇಷ್ಟೇ ತಾನೆ ಎಂದುಕೊಂಡು ವೆಂಡೆಲ್ ಜೀವ ತೇಯ್ದು ತನ್ನ ಸುತ್ತು ಮುಗಿಸಿದ. ಅವಳು ಓಡಿ ಬರುವಷ್ಟರಲ್ಲಿ ಶೂ ಬಿಚ್ಚಿ, ಕಾಲು ಚಾಚಿ, ಬಾಳೆಹಣ್ಣು ತಿನ್ನುತ್ತಿದ್ದ.

"ಗೆದ್ವಿ ಕಣ್ರೀ!" ಎಂದ ಅವನು.

"ನಿಮ್ ಸರದಿ! ಏಳ್ರೀ! ಇನ್ನೂ ಹದಿಮೂರು ನಿಮಿಷ ಇದೆ!"

"ಲೆತೀಸಿಯಾ, ನಿನ್ ಜೋಡಿಗೆ ಹಾಸಿಗೆ ಹಾಸ್ಲಾ?" ಆ ಕಡೆಯಿಂದ ಎಫ್ರೇನ್ ಕೂಗಿದ. ಶೆಡ್ಡೆಲ್ಲ ನಕ್ಕಿತು. ವೆಂಡೆಲ್‌ಗೆ ಮತ್ತೆ ಏಳಲಾಗಲಿಲ್ಲ; ಅವರಿಬ್ಬರೂ ಕೊನೆಯವರಾದರು. ಲೆತೀಸಿಯಾ ಹೊರಟುಹೋದಳು.

ಅಮ್ರಾಪ್ ಎಂದರೆ ಹೊತ್ತು ಮುಗಿಯುವವರೆಗೂ ಆದಷ್ಟು ಸುತ್ತು ಎಂದು ವೆಂಡೆಲ್‌ಗೆ ಹೇಳಿದವನು ಕೋಚ್. ಎಲ್ಲರೂ ಹೊರಗೆ ಟಾಕೊ ಮಾರುವ ತಿಂಡಿ ಗಾಡಿಯತ್ತ ನಡೆದರು. ಅವನೊಬ್ಬನೇ ಹಿಂದುಳಿದು, ಮತ್ತೆ ಶೂ ಕಟ್ಟಿ ನೆಲಕ್ಕೆ ಬಿದ್ದ.

ಮರೆತ ಟವೆಲ್ಲಿಗೆಂದು ಬಂದ ಲೆತೀಸಿಯಾ ಬಾಗಿಲಲ್ಲೇ ನಿಂತಳು.

"ಏನ್ ಮಾಡ್ತಿದೀರ?"

"ನನ್ ಪಾಲಿಂದು ಬಾಕಿ ಇದೆ. ಇನ್ನೆರಡು ಸುತ್ತು."

"ನೋ ರೆಪ್" ಎಂದಳು ಅವಳು. "ಎದೆ ನೆಲಕ್ಕೆ ತಾಗ್ಲಿಲ್ಲ. ಅದು ಲೆಕ್ಕಕ್ಕಿಲ್ಲ."

ಅವನು ಮತ್ತೆ ಬಿದ್ದ. ಅವಳು ಕೈಕಟ್ಟಿ ಎಣಿಸಿದಳು, ಒಂದೂ ಬಿಟ್ಟುಕೊಡಲಿಲ್ಲ. ಕೊನೆಯ ಓಟ ಮುಗಿಸಿ ಬಂದವನು ನೆಲಕ್ಕೆ ಬಿದ್ದ, ಅಂಗಾತ ಹೊರಳಿ ಅಲ್ಲೇ ಉಳಿದ.

"ಗೊತ್ತಿಲ್ಲ ಅಂತ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ಬೇರೆ ಜೋಡಿ ಹುಡುಕ್ತಿದ್ರಿ."

"ಹುಡುಕ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ" ಎಂದ ವೆಂಡೆಲ್ ತಗಡಿನ ಸೂರು ನೋಡುತ್ತ. "ನನಗೆ ಗೆಲ್ಲೋದು ಬೇಕಿರ್ಲಿಲ್ಲ ಲೆತೀಸಿಯಾ. ನೀವ್ ಬೇಕಿತ್ತು."

ಅವಳಿಗೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಬಂದು ಅವನ ಪಕ್ಕ ನೆಲದ ಮೇಲೆ ಮಲಗಿದಳು.

"ಹಾಗಿದ್ರೆ ಕೈಯಾದ್ರೂ ಹಿಡ್ಕೋ ಮಾರಾಯ."

"ಎತ್ತಕ್ಕಾಗ್ತಿಲ್ಲ" ಎಂದ ಅವನು, ಅಳುವ ದನಿಯಲ್ಲಿ.

ಲೆತೀಸಿಯಾ ಶೆಡ್ಡು ಮೊಳಗುವಂತೆ ನಕ್ಕಳು. ಆಮೇಲೆ ಅವನ ಕೈಯನ್ನು ತಾನೇ ಎತ್ತಿ, ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.