ಸಿಸೆಲಾ ಅವರ ಮಚ್ಚೆ

ಉಪ್ಸಾಲದಲ್ಲಿ ಸತ್ತವರ ಮುಖವನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿಕೊಡುವುದು ನನ್ನ ಕಸುಬು. ತಗಡಿನಲ್ಲಿ ಎಡಬಲ ತಿರುಗಿಸಿ ಕೊರೆದರೆ ಮಾತ್ರ ಕಾಗದದಲ್ಲಿ ಸರಿಯಾಗಿ ಮೂಡುತ್ತದೆ. ಪಾದ್ರಿಯ ವಿಧವೆ ಸಿಸೆಲಾ ಅವರ ಮುಖ ಕೊರೆಯುವಾಗ, ಹಾಳು ಮರೆವು, ಮಚ್ಚೆಯನ್ನು ತಿರುಗಿಸಲಿಲ್ಲ.

ಅಚ್ಚು ನೋಡಿದ ಅವರ ಮಗಳು ಮಲಿನ್, "ಅಕ್ಕಾ, ಅಮ್ಮನ ಮಚ್ಚೆ ಎಡಗೆನ್ನೇಲಿತ್ತು. ನೀವು ಬಲಕ್ಕೆ ದಾಟಿಸಿಬಿಟ್ಟಿದ್ದೀರಿ. ಮೇಲೆ ಸ್ವರ್ಗದಲ್ಲಿ ಅಪ್ಪ ಗುರುತೇ ಹಿಡಿಯಲ್ಲ," ಅಂದಳು.

"ಹೆರೆದು ಸರಿಮಾಡ್ತೀನಿ ಬಿಡು," ಅಂದೆ.

ಹೆರೆಯಲು ಕೂತೆ. ಕಿಟಕಿಯ ಮೇಲೆ ಹಿಮ ಕಟ್ಟಿತ್ತು, ಒಲೆ ಆರಿತ್ತು. ಆದರೂ ತಗಡು ಅಂಗೈಯಷ್ಟು ಬೆಚ್ಚಗಿತ್ತು. ತಾಮ್ರ ಹೆರೆದರೆ ಕಿರ್ರೆನ್ನುತ್ತದೆ. ಇದು ಸದ್ದೇ ಮಾಡದೆ, ಸಿಪ್ಪೆ ಸುಲಿದಂತೆ ಮೆತ್ತಗೆ ಎದ್ದು ಬಂತು. ಮಚ್ಚೆಯನ್ನು ಇನ್ನೊಂದು ಕೆನ್ನೆಗೆ ಕೊರೆದೆ.

ನೆಲ ಹೆಪ್ಪುಗಟ್ಟಿದ್ದರಿಂದ ಅವರ ಶವಪೆಟ್ಟಿಗೆ ಮೊಳೆ ಹೊಡೆಸಿಕೊಂಡು ಚಳಿಗಾಲವಿಡೀ ಚರ್ಚಿನ ಹಿಂದಿನ ಕೋಣೆಯಲ್ಲೇ ಇತ್ತು. ಹಿಮ ಕರಗಿ, ಮಣ್ಣು ಮಾಡುವ ದಿನ, ಕೊನೆಯ ಸಲ ಮುಖ ನೋಡಲು ಮುಚ್ಚಳ ತೆಗೆದರು. ಎಡಗೆನ್ನೆಯ ಮಚ್ಚೆ ಹಾಗೇ ಇತ್ತು. ಬಲಗೆನ್ನೆಯಲ್ಲಿ, ಮಚ್ಚೆಯಷ್ಟೇ ಅಗಲಕ್ಕೆ, ಚರ್ಮ ನೀಟಾಗಿ ಹೆರೆದುಹೋಗಿತ್ತು.

"ಇದನ್ನ ಯಾರು ಮಾಡಿದ್ದು ಅಕ್ಕಾ?" ಎಂದಳು ಮಲಿನ್.

ನಾನು ಕೈಗಳನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟುಕೊಂಡೆ.