ಗಂಧಕದ ವಾಸನೆಯಿಲ್ಲದ ಮಂಗಳವಾರಗಳು

ಮಂಗಳವಾರ ಬೆಳಗ್ಗೆ ಔಷಧದ ಗಾಡಿಯ ಎಲ್ಯೋರ್ ಆಫೀಸಿಗೆ ಬಂದಾಗ ಅವನ ಮೈಯಿಂದ ಸೋಪಿನ ಪರಿಮಳ ಘಮ್ಮೆನ್ನುತ್ತಿತ್ತು. ಸನೋಬರ್ ರಿಜಿಸ್ಟರಿನಿಂದ ತಲೆಯೆತ್ತಿ ನಕ್ಕಳು.

"ಏನ್ರೀ, ಮರಕ್ಕೆ ಔಷಧ ಹೊಡೆದು ಬಂದ್ರೋ, ಹೆಣ್ಣು ನೋಡೋಕೆ ಹೊರಟ್ರೋ?"

"ಹೆಣ್ಣು ನೋಡಿ ಆಯ್ತಲ್ಲ. ಅವಳು ಮೂಗು ಮುಚ್ಕೋಬಾರ್ದು ಅಂತ ಸ್ನಾನ ಮಾಡ್ಕೊಂಡು ಬಂದೆ."

ಅವಳ ಮೇಜಿನ ಮೇಲೆ ಒಂದು ಹಿಡಿ ಏಪ್ರಿಕಾಟ್ ಸುರಿದು, ಅವಳು ಕೆಂಪಾಗುವವರೆಗೂ ನೋಡುತ್ತಲೇ ನಿಂತ. ಕೆಂಪಾದ ಮೇಲೂ ಕಣ್ಣು ತೆಗೆಯಲಿಲ್ಲ, ತುಂಟ. ಸನೋಬರ್ 'ಹಳೇ ಬೀದಿ, ಒಂಬತ್ತು ಚಿನಾರ್ ಮರ, ಗಂಧಕ ಮತ್ತು ಕೀಟನಾಶಕ ಸಿಂಪಡಿಸಲಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು.

ತಾಷ್ಕೆಂಟಿನ ಬೀದಿ ಮರಗಳನ್ನು ಕಾಯುವ ಆ ಆಫೀಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಔಷಧ ಹೊಡೆದ ಮರವನ್ನು ಅಧಿಕಾರಿ ಕಣ್ಣಾರೆ ಕಂಡೇ ಸಹಿ ಹಾಕಬೇಕು. ಆದರೆ ವಸಂತದಲ್ಲಿ ಎರಡೂ ಮನೆಯ ಹಿರಿಯರು ಕೂತು ರೊಟ್ಟಿ ಮುರಿದಿದ್ದರು. ರೊಟ್ಟಿ ಮುರಿದರೆ ಮದುವೆ ನಿಶ್ಚಯವಾದಂತೆಯೇ. ನಾಳೆ ಗಂಡನಾಗುವವನ ಬೆನ್ನ ಹಿಂದೆ ಹೋಗಿ ಎಲೆ ತಿರುಗಿಸಿ ನೋಡುವುದು ಅವಳಿಗೆ ಅವಮಾನವೆನಿಸಿತು. ಗಂಧಕ ಹೊಡೆದವನ ಮೈವಾಸನೆ ಎರಡು ಸ್ನಾನಕ್ಕೂ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಪ್ರೀತಿ ಕುರುಡು ಅನ್ನುತ್ತಾರೆ. ಇವಳದಕ್ಕೆ ಮೂಗೂ ಇರಲಿಲ್ಲ.

ಜುಲೈನಲ್ಲಿ ಒಂದು ಅರ್ಜಿ ಬಂತು. ಒಂಬತ್ತು ಚಿನಾರ್‌ಗಳ ರೋಗ ಔಷಧಕ್ಕೂ ಬಗ್ಗುತ್ತಿಲ್ಲ, ಕಡಿಯಲು ಒಪ್ಪಿಗೆ ಕೊಡಿ, ಆ ಜಾಗದಲ್ಲಿ ಮದುವೆ ಹಾಲ್ ಕಟ್ಟುತ್ತೇವೆ ಎಂದಿತ್ತು. ಸನೋಬರ್ ಹಳೇ ಬೀದಿಗೆ ಓಡಿದಳು.

ಎಲೆಗಳು ಮುದುಡಿ, ಹಿಟ್ಟು ಚೆಲ್ಲಿದಂತೆ ಬೂದಿರೋಗ ಹಿಡಿದಿತ್ತು. ತಿರುಗಿಸಿದರೆ ತಳದ ತುಂಬ ಹುಳು. ಔಷಧದ ಒಂದು ಕಲೆಯೂ ಕಾಣಲಿಲ್ಲ.

"ಈಗ ನೆನಪಾಯ್ತಾ ಮಗಳೇ?" ಎಂದ ಮರದ ಕೆಳಗಿನ ಚಹಾದಂಗಡಿಯ ಹೋಷಿಮ್ ಅಜ್ಜ.

"ಪ್ರತಿ ಮಂಗಳವಾರ ಗಾಡಿ ಬರುತ್ತಲ್ಲ ಅಜ್ಜ?"

"ಬರುತ್ತೆ. ನಿನ್ನ ಹುಡುಗ ಚಹಾ ಕುಡೀತಾನೆ, ಹೋಗ್ತಾನೆ. ಪೈಪ್ ಬಿಚ್ಚಿದ್ದೇ ಕಾಣೆ. ಕೇಳಿದ್ರೆ, ಮೇಡಮ್ಮೇ ಬೇಡ ಅಂದಿದ್ದಾರೆ ಅಂದ."

ಅವಳಿಗೆ ಔಷಧ ಹೊಡೆಯದಿದ್ದುದಕ್ಕಿಂತ, ತನ್ನ ಹೆಸರಿನಲ್ಲಿ ಹೊಡೆಯದೆ ಹೋದದ್ದು ಹೆಚ್ಚು ಉರಿಯಿತು.

ಸಂಜೆ ಗಾಡಿ ನಿಲ್ಲಿಸುವ ಅಂಗಳದಲ್ಲಿ ಅವನು ಸಿಕ್ಕ. ಸುಳ್ಳು ಹೇಳಲಿಲ್ಲ.

"ಯಾರಿಗೋಸ್ಕರ ಮಾಡ್ದೆ ಹೇಳು? ಹಾಲ್ ಕಟ್ಟೋರು ನನ್ನನ್ನ ಮ್ಯಾನೇಜರ್ ಮಾಡ್ತಾರೆ. ಅಲ್ಲಿ ಮೊದಲನೇ ಮದುವೆ ನಮ್ಮದೇ. ಮರಕ್ಕೇನು, ಊರ ತುಂಬ ಇವೆ."

"ಏಪ್ರಿಕಾಟ್ ತಂದಿದ್ದೂ ಸಹಿಗೇನಾ?" ಇಷ್ಟು ದಿನ ಬಹುವಚನ ಬಿಡದವಳು ಈಗ ಬಿಟ್ಟಳು. "ಹೇಳೋ."

"ಮೊದಮೊದಲು ಅಲ್ಲ." ಅವನ ದನಿ ಇಳಿಯಿತು. "ಸನೋಬರ್, ನಿನ್ನ ಮೇಲಿನ ಪ್ರೀತಿ ಮಾತ್ರ ಸುಳ್ಳಲ್ಲ."

"ಅದೇ ಕಷ್ಟ. ಅದೂ ಸುಳ್ಳಾಗಿದ್ರೆ ಬೈದು ಹಗುರಾಗ್ತಿದ್ದೆ."

ಅವಳಿಗೆ ಅಳು ಬಂತು, ಅತ್ತಳು. ಅವನು ಕಣ್ಣೊರೆಸಲು ಬಂದಾಗ ಕೈ ಅಡ್ಡ ಹಿಡಿದಳು. ಆಮೇಲೆ ಚೀಲದಿಂದ ತಾನು ಬರೆದ ವರದಿ ತೆಗೆದಳು. ಮರಗಳು ಬದುಕುತ್ತವೆ, ಕಡಿಯಬಾರದು. ಮೂರು ತಿಂಗಳಿಂದ ಔಷಧ ಹೊಡೆದೇ ಇಲ್ಲ. ನೋಡದೆ ಸಹಿ ಹಾಕಿದ ಅಧಿಕಾರಿ, ಸನೋಬರ್.

ಎಲ್ಯೋರ್ ಬಗ್ಗಿ ಕೊನೆಯ ಸಾಲು ಮಾತ್ರ ನೋಡಿ ಬೆಚ್ಚಿದ. "ಹುಚ್ಚೇನೇ ನಿಂಗೆ? ನನ್ನೊಬ್ಬನ ಹೆಸರು ಬರಿ. ನಿನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ನೋಡದೆ ನಂಬಿದೋಳು ನಾನೇ ತಾನೆ?"

ಅವನು ಅವಳ ಕೈ ಹಿಡಿಯಲು ಕೈ ಚಾಚಿದ. ಅವಳು ಆ ಕೈಯಲ್ಲಿ ವರದಿಯ ಪ್ರತಿಯನ್ನಿಟ್ಟು ಪೆನ್ನು ಕೊಟ್ಟಳು.

"ಗಾಡಿಯವರ ಸಹಿ ಕೆಳಗಡೆ. ಪೂರ್ತಿ ಓದಿ ಹಾಕು."