ಅಣ್ಣನಿಗೂ ಹೇಳದ ಪಾಸ್‌ವರ್ಡ್

"ನೀನಲ್ಲ ಅಂದ್ರೆ ಇನ್ಯಾರೋ?" ಅಪ್ಪ ಮತ್ತೆ ಅದನ್ನೇ ಕೇಳಿದರು.

ಜಯಸಿಂಹ ತಲೆ ಎತ್ತಲಿಲ್ಲ. "ನಾನಲ್ಲ ಅಂದ್ನಲ್ಲಪ್ಪ."

ಐದನೇ ಕ್ಲಾಸಿನ ಪ್ರಕೃತಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಈಗಷ್ಟೇ ಪೊಲೀಸರು ಬಂದು ಹೋಗಿದ್ದರು. ಅಣ್ಣನ ಕಾಲೇಜಿನ ಸತ್ಯಭಾಮಾ ಮಿಸ್‌ಗೆ ಯಾರೋ ಕೆಟ್ಟ ಕೆಟ್ಟ ಮೇಲ್ ಕಳಿಸುತ್ತಿದ್ದರು. ಅವೆಲ್ಲ ಹೋಗಿದ್ದು ಯಡಿಯೂರಿನ ಇದೇ ಮನೆಯ ಇಂಟರ್ನೆಟ್‌ನಿಂದ!

"ನಮ್ಮ ವೈಫೈಗೆ ಪಾಸ್‌ವರ್ಡೇ ಇಲ್ಲಪ್ಪ. ಸಿಗ್ನಲ್ ಪಕ್ಕದ ಬಿಲ್ಡಿಂಗ್‌ವರೆಗೂ ಹೋಗುತ್ತೆ. ಯಾರು ಬೇಕಾದ್ರೂ ಯೂಸ್ ಮಾಡ್ಬಹುದು."

"ಟೆಸ್ಟಲ್ಲಿ ಫೇಲ್ ಮಾಡಿದ್ರು ಅಂತ ಆ ಮಿಸ್‌ನ ಬೈಕೊಂಡು ಕೂಗಾಡಿದ್ದು ಯಾರು?"

ಜಯಸಿಂಹ ತಂಗಿಯತ್ತ ತಿರುಗಿದ. "ನೀನಾದ್ರೂ ಹೇಳೆ. ನಾನು ಅಂಥವನಾ?"

ಪ್ರಕೃತಿಗೆ ಆ ಕೂಗಾಟ ಚೆನ್ನಾಗಿ ನೆನಪಿತ್ತು. ಇಲ್ಲ ಅನ್ನಲು ಬಾಯಿ ತೆರೆದಳು. ಹೇಳದೆ ಅಪ್ಪನತ್ತ ನೋಡಿದಳು.

ಜಯಸಿಂಹ ಅವಳನ್ನು ಅಪ್ಪನ ಲ್ಯಾಪ್‌ಟಾಪ್ ಮುಂದೆ ಕೂರಿಸಿ ವೈಫೈ ರೂಟರ್‌ನ ಸೆಟ್ಟಿಂಗ್ಸ್ ಪೇಜ್ ತೆರೆದ. ಸೆಕ್ಯೂರಿಟಿ ಎಂಬಲ್ಲಿ 'ಡಿಸೇಬಲ್ಡ್' ಎಂದಿತ್ತು.

"ಅದನ್ನ ತೆಗ್ದು ಡಬ್ಲ್ಯುಪಿಎ ಟೂ ಅಂತ ಹಾಕು."

"ಹಾಕಿದ್ರೆ ಏನಾಗುತ್ತೆ?"

"ಎನ್‌ಕ್ರಿಪ್ಟ್ ಆಗುತ್ತೆ. ಪಾಸ್‌ವರ್ಡ್ ಗೊತ್ತಿಲ್ದೆ ಯಾರೂ ಒಳಗೆ ಬರೋಕಾಗಲ್ಲ. ನಾವು ಕಳಿಸೋದು ಗಾಳೀಲಿ ಬೇರೆಯವ್ರಿಗೆ ಸಿಕ್ಕಿದ್ರೂ ಅರ್ಥ ಆಗಲ್ಲ."

"ಪಾಸ್‌ವರ್ಡ್ ಏನ್ ಹಾಕ್ಲಿ?"

"ನೀನೇ ಯೋಚ್ನೆ ಮಾಡು. ಉದ್ದವಾಗಿರ್ಲಿ. ಈ ಪೇಜಿಗೂ ಬೇರೆ ಪಾಸ್‌ವರ್ಡ್ ಹಾಕು. ನಂಗೆ ಹೇಳ್ಬೇಡ."

"ನಿಂಗೂ ಹೇಳ್ಬಾರ್ದಾ?"

"ನಂಗೇ ಹೇಳ್ಬಾರ್ದು."

ಅವನು ಗೋಡೆಯತ್ತ ಮುಖ ಮಾಡಿ ನಿಂತ. ಪ್ರಕೃತಿ ಒಂದೊಂದೇ ಅಕ್ಷರ ಒತ್ತಿದಳು. ಎರಡು ಸಲ ತಪ್ಪಿತು.

ಅಂದಿನಿಂದ ಜಯಸಿಂಹ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಬೀದಿಯ ಹುಡುಗರು ಅವನನ್ನು ಕ್ರಿಕೆಟ್‌ಗೆ ಕರೆಯುವುದನ್ನು ಬಿಟ್ಟರು. ಅಪ್ಪ ಊಟಕ್ಕೆ ಕೂತಾಗ ಅವನು ಏಳುತ್ತಿದ್ದ.

ಮುಂದಿನ ವಾರ ಸತ್ಯಭಾಮಾ ಮಿಸ್ ತಾವೇ ಮನೆಗೆ ಬಂದರು. ಅವರ ಕಣ್ಣ ಕೆಳಗೆ ಕಪ್ಪಗಾಗಿತ್ತು.

"ಸಿಕ್ಕಿಬಿದ್ದ ಸಾರ್. ನಿಮ್ಮ ಪಕ್ಕದ ಬಿಲ್ಡಿಂಗ್‌ನಲ್ಲಿ ಬಾಡಿಗೆಗಿರೋನು. ನಿಮ್ಮ ವೈಫೈ ಸಿಗ್ದೆ ಕತ್ರಿಗುಪ್ಪೆಯ ಸೈಬರ್ ಸೆಂಟರ್‌ಗೆ ಹೋಗಿದ್ದಾನೆ. ಅಲ್ಲಿಂದ ಮೇಲ್ ಕಳಿಸುವಾಗ ಪೊಲೀಸರು ಹಿಡಿದ್ರಂತೆ. ಎಲ್ಲಾ ಒಪ್ಕೊಂಡಿದ್ದಾನೆ."

ಅಪ್ಪ ಕುರ್ಚಿಯಿಂದ ಎದ್ದರು, ಮತ್ತೆ ಕೂತರು. ಆಮೇಲೆ ಜೋರಾಗಿ, "ಜಯಸಿಂಹಾ, ಬಾರೋ, ಮಿಸ್ ಬಂದಿದ್ದಾರೆ. ಕಾಫಿ ಕುಡಿ ಬಾ" ಎಂದು ಕರೆದರು.

ಅವನು ಬರಲಿಲ್ಲ.

ಪ್ರಕೃತಿ ಒಳಗೆ ಓಡಿದಳು. ಅಣ್ಣ ಮಂಚದ ಮೇಲೆ ಮಲಗಿ ಪುಸ್ತಕ ಹಿಡಿದಿದ್ದ.

"ಅಣ್ಣಾ, ಪಾಸ್‌ವರ್ಡ್ ಹೇಳ್ತೀನಿ, ಕೇಳು."

"ಬೇಡ ಕಣೆ. ನಿನ್ಹತ್ರಾನೇ ಇರ್ಲಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನಿಸಿತು. ಮಂಚದ ತುದಿಯಲ್ಲಿ ಕೂತಳು. ಅವನು ಸರಿದು ಜಾಗ ಕೊಡಲಿಲ್ಲ. ಏಳು ಎಂದೂ ಹೇಳಲಿಲ್ಲ.